ತಾರಸಿ ಮೇಲಿನ ಸೌರಫಲಕ: ಗಾಳಿ ಎದ್ದಾಗ ಹೊಣೆ ಯಾರದು?

ಮಂಗಳೂರು: ಮನೆಯ ತಾರಸಿಯಲ್ಲಿಯೇ ವಿದ್ಯುತ್ ಉತ್ಪಾದಿಸುವ ಯೋಜನೆಗೆ ಕೇಂದ್ರ ಸರಕಾರ 75,021 ಕೋಟಿ ರೂಪಾಯಿ ನಿಗದಿಪಡಿಸಿದೆ. 2024ರ ಫೆಬ್ರವರಿ 29ರಂದು ಸಚಿವ ಸಂಪುಟದ ಒಪ್ಪಿಗೆ ಪಡೆದ 'ಪಿಎಂ ಸೂರ್ಯಘರ್ ಮುಫ್ತ್ ಬಿಜಲಿ ಯೋಜನೆ'ಯ ಗುರಿ 2026-27ನೇ ಸಾಲಿನೊಳಗೆ ಒಂದು ಕೋಟಿ ಮನೆಗಳನ್ನು ತಲುಪುವುದು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ ರೂ., ಮೂರನೆಯದಕ್ಕೆ 18 ಸಾವಿರ ರೂ., ಹೀಗೆ ಒಂದು ಮನೆಗೆ ಗರಿಷ್ಠ 78 ಸಾವಿರ ರೂ. ಸಹಾಯಧನ ದೊರೆಯುತ್ತದೆ. 2025ರ ಮಾರ್ಚ್ ತಿಂಗಳಲ್ಲಿ ಈ ಯೋಜನೆಯಡಿ ಸೌರಫಲಕ ಅಳವಡಿಸಿಕೊಂಡ ಮನೆಗಳ ಸಂಖ್ಯೆ 10 ಲಕ್ಷ ದಾಟಿತು.

ಯೋಜನೆಯ ಪ್ರಗತಿಯನ್ನು ಮನೆಗಳ ಸಂಖ್ಯೆಯಲ್ಲಿ, ಮೆಗಾವ್ಯಾಟ್‌ಗಳಲ್ಲಿ, ಪಾವತಿಯಾದ ಸಹಾಯಧನದಲ್ಲಿ ಅಳೆಯಲಾಗುತ್ತಿದೆ. ಅದು ಸಹಜವೂ ಹೌದು. ಆದರೆ ಈ ಲೆಕ್ಕಗಳ ನಡುವೆ ಒಂದು ಪ್ರಶ್ನೆ ಕಣ್ಮರೆಯಾಗಿದೆ. ಇಪ್ಪತ್ತೈದು ವರ್ಷ ಬಾಳಿಕೆ ಬರಬೇಕಾದ ಈ ಫಲಕಗಳನ್ನು ಹೊರುವ ತಾರಸಿ ಗಟ್ಟಿಯಾಗಿದೆಯೇ, ಅವುಗಳನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟು ಮಳೆಗಾಲದ ಗಾಳಿಯನ್ನು ತಡೆದೀತೇ ಎಂದು ಪರಿಶೀಲಿಸಿ ಸಹಿ ಹಾಕಬೇಕಾದವರು ಯಾರು? ಸಾಮಾನ್ಯ ಮನೆಗಳ ಮಟ್ಟಿಗೆ ಈ ಹೊಣೆಯನ್ನು ಯಾವ ಸರಕಾರಿ ಕಚೇರಿಯೂ ಹೊತ್ತಿಲ್ಲ.

ಮಾನದಂಡಗಳಿಗೆ ಬರವಿಲ್ಲ

ಭಾರತದಲ್ಲಿ ನಿಯಮಗಳ ಕೊರತೆಯಿದೆ ಎಂದು ಯಾರೂ ದೂರುವಂತಿಲ್ಲ. ಸೌರಫಲಕದ ಗುಣಮಟ್ಟಕ್ಕೆ ಐಎಸ್ 14286 ಇದೆ. ಫಲಕದ ಸುರಕ್ಷತೆಗೆ ಐಎಸ್/ಐಇಸಿ 61730, ಇನ್ವರ್ಟರಿನ ಸುರಕ್ಷತೆಗೆ ಐಎಸ್ 16221, ಭೂಸಂಪರ್ಕಕ್ಕೆ ಐಎಸ್ 3043, ಸಿಡಿಲಿನಿಂದ ರಕ್ಷಣೆಗೆ ಐಎಸ್/ಐಇಸಿ 62305, ಕಟ್ಟಡದ ಮೇಲೆ ಬೀಳುವ ಗಾಳಿಯ ಒತ್ತಡ ಲೆಕ್ಕ ಹಾಕಲು ಐಎಸ್ 875ರ ಮೂರನೇ ಭಾಗ. ಇವೆಲ್ಲದರ ಜೊತೆಗೆ 2016ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದೆ.

ಕೊರತೆಯಿರುವುದು ಇವುಗಳನ್ನು ಜಾರಿಗೊಳಿಸುವ ಕೊಂಡಿಯಲ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಸ್ವತಃ ಕಾನೂನಲ್ಲ. 1970ರಲ್ಲಿ ಮೊದಲ ಬಾರಿಗೆ ಪ್ರಕಟವಾದಂದಿನಿಂದಲೂ ಅದು ಸಲಹೆಯ ಸ್ವರೂಪದ್ದು. ರಾಜ್ಯ ಸರಕಾರಗಳು, ಸ್ಥಳೀಯ ಸಂಸ್ಥೆಗಳು ತಮ್ಮ ಉಪವಿಧಿಗಳಲ್ಲಿ ಸೇರಿಸಿಕೊಂಡ ಮಟ್ಟಿಗೆ ಮಾತ್ರ ಅದಕ್ಕೆ ಬಲ ಬರುತ್ತದೆ. ಭಾರತೀಯ ಮಾನಕಗಳ ಪೈಕಿಯೂ ಹೆಚ್ಚಿನವು ಸ್ವಯಂಪ್ರೇರಿತವಾಗಿ ಪಾಲಿಸಬೇಕಾದಂಥವು. ಸರಕಾರ ಪ್ರತ್ಯೇಕ ಆದೇಶ ಹೊರಡಿಸಿದಾಗ ಮಾತ್ರ ಅವು ಕಡ್ಡಾಯವಾಗುತ್ತವೆ.

ಅಂತಹ ಆದೇಶವೊಂದನ್ನು ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ 2017ರ ಸೆಪ್ಟೆಂಬರಿನಲ್ಲಿ ಹೊರಡಿಸಿತು. ಫಲಕ, ಇನ್ವರ್ಟರ್ ಮತ್ತು ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯವಾಯಿತು. 2019ರ ಜನವರಿಯಲ್ಲಿ ಅನುಮೋದಿತ ಫಲಕ ತಯಾರಕರ ಪಟ್ಟಿಯ ವ್ಯವಸ್ಥೆಯೂ ಬಂತು. ಕಳಪೆ ಫಲಕಗಳನ್ನು ದೂರವಿಡಲು ಇವೆರಡೂ ನೆರವಾಗುವಂಥವು. ಆದರೆ ಫಲಕವನ್ನು ಹಿಡಿದಿಡುವ ಚೌಕಟ್ಟು 2017ರ ಆದೇಶದ ವ್ಯಾಪ್ತಿಗೆ ಬರಲಿಲ್ಲ. ಕಾರ್ಖಾನೆಯಲ್ಲಿ ಹತ್ತಾರು ಪರೀಕ್ಷೆ ಗೆದ್ದು ಬಂದ ಫಲಕವನ್ನು ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆದ ಕಬ್ಬಿಣದ ಕಾಲುಗಳ ಮೇಲೆ ಕೂರಿಸಲು ಅಡ್ಡಿಯಿಲ್ಲದಂತಾಯಿತು.

ಹಲವು ಕಚೇರಿ, ಒಂದೇ ತಾರಸಿ

ಸೌರಫಲಕ ಅಳವಡಿಸಿದ ಮನೆಯು ಏಕಕಾಲಕ್ಕೆ ಕಟ್ಟಡವೂ ಹೌದು, ಪುಟ್ಟ ವಿದ್ಯುತ್ ಉತ್ಪಾದನಾ ಘಟಕವೂ ಹೌದು. ಸಮಸ್ಯೆಯ ಮೂಲ ಇಲ್ಲಿದೆ.

ಕಟ್ಟಡದ ನಕ್ಷೆಗೆ ಪರವಾನಿಗೆ ಕೊಡುವುದು ನಗರಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯತ್. ಆ ಪರಿಶೀಲನೆ ನಡೆಯುವುದು ಮನೆ ಕಟ್ಟುವ ಮೊದಲು. ಸೌರಫಲಕ ಬರುವುದು ಹತ್ತು, ಇಪ್ಪತ್ತು ವರ್ಷಗಳ ಬಳಿಕ. ಆ ಹೊತ್ತಿಗೆ ಕಡತ ಮುಚ್ಚಿರುತ್ತದೆ.

ಫಲಕವನ್ನು ವಿದ್ಯುತ್ ಜಾಲಕ್ಕೆ ಜೋಡಿಸುವುದು ಮೆಸ್ಕಾಂ, ಬೆಸ್ಕಾಂ, ಹೆಸ್ಕಾಂನಂತಹ ವಿತರಣಾ ಕಂಪೆನಿಗಳು. ಅವುಗಳ ಎಂಜಿನಿಯರರು ನೋಡುವುದು ಮೀಟರ್, ತಂತಿ, ಇನ್ವರ್ಟರ್ ಮತ್ತು ಭೂಸಂಪರ್ಕವನ್ನು. ಕಾಂಕ್ರೀಟಿನ ಬಲ ಅಳೆಯುವುದು ಅವರ ಕೆಲಸವಲ್ಲ, ಅದಕ್ಕೆ ಅವರಿಗೆ ತರಬೇತಿಯೂ ಇಲ್ಲ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣೆ ಬೇಕಿರುವುದು ಎತ್ತರದ ಹಾಗೂ ಜನಸಂದಣಿಯ ಕಟ್ಟಡಗಳಿಗೆ, ಒಂಟಿ ಮನೆಗಳಿಗಲ್ಲ. ಉಳಿದದ್ದು ಮಾರಾಟಗಾರ ಮತ್ತು ಮನೆಯವರ ನಡುವಿನ ಕರಾರಿಗೆ ಬಿಟ್ಟ ವಿಷಯ.

ಇದರ ನಡುವೆ, 2024ರ ಫೆಬ್ರವರಿಯಲ್ಲಿ ಕೇಂದ್ರ ಇಂಧನ ಸಚಿವಾಲಯ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರಂತೆ 10 ಕಿಲೋವ್ಯಾಟ್‌ವರೆಗಿನ ಅರ್ಜಿಗಳು ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನವಿಲ್ಲದೆಯೇ ಅಂಗೀಕೃತವಾದಂತೆ. ಅದಕ್ಕಿಂತ ದೊಡ್ಡ ಘಟಕಗಳಿಗೆ ಅಧ್ಯಯನದ ಅವಧಿಯನ್ನು 20ರಿಂದ 15 ದಿನಕ್ಕೆ, ಚಾಲನೆ ನೀಡುವ ಅವಧಿಯನ್ನು 30ರಿಂದ 15 ದಿನಕ್ಕೆ ಇಳಿಸಲಾಯಿತು. ಅರ್ಜಿ ಹಿಡಿದು ತಿಂಗಳುಗಟ್ಟಲೆ ಅಲೆಯುತ್ತಿದ್ದ ಗ್ರಾಹಕರಿಗೆ ಇದು ನ್ಯಾಯವಾಗಿ ಸಿಗಬೇಕಾದ ಪರಿಹಾರವೇ ಸರಿ. ಕೈಬಿಟ್ಟ ಅಧ್ಯಯನವೂ ಮೂಲತಃ ಟ್ರಾನ್ಸ್‌ಫಾರ್ಮರ್ ಮತ್ತು ತಂತಿಗಳ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು, ತಾರಸಿಗಲ್ಲ. ಆದರೆ ಬಾಗಿಲನ್ನು ಅಗಲಿಸುವಾಗ ಹೊಸ್ತಿಲಲ್ಲಿ ಒಬ್ಬರನ್ನಾದರೂ ನಿಲ್ಲಿಸುವ ಅವಕಾಶವಿತ್ತು. ಅದನ್ನು ಬಳಸಿಕೊಳ್ಳಲಿಲ್ಲ.

ಬೆಂಗಳೂರಿನ ಗಾಳಿ, ಮಂಗಳೂರಿನ ಗಾಳಿ

ಫಲಕ ಭಾರವಾದ ವಸ್ತು, ಅದು ಹಾರಿಹೋಗುವುದೆಂತು ಎಂಬ ಭಾವನೆ ಸಾರ್ವತ್ರಿಕವಾಗಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಐಎಸ್ 875ರ ಪ್ರಕಾರ ಕಟ್ಟಡಗಳ ವಿನ್ಯಾಸಕ್ಕೆ ಪರಿಗಣಿಸಬೇಕಾದ ಮೂಲ ಗಾಳಿವೇಗ ಬೆಂಗಳೂರು ಮತ್ತು ಮೈಸೂರಿನಲ್ಲಿ ಸೆಕೆಂಡಿಗೆ 33 ಮೀಟರ್, ಮಂಗಳೂರಿನಲ್ಲಿ 39 ಮೀಟರ್. ಗಂಟೆಯ ಲೆಕ್ಕದಲ್ಲಿ ಸುಮಾರು 119 ಮತ್ತು 140 ಕಿ.ಮೀ. ಐವತ್ತು ವರ್ಷಕ್ಕೊಮ್ಮೆ ಬೀಸಬಹುದಾದ, ಕೆಲವೇ ಸೆಕೆಂಡುಗಳ ಬಿರುಗಾಳಿಯ ವೇಗವಿದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಎರಡು ಊರುಗಳ ವೇಗದಲ್ಲಿ ಶೇ. 18ರಷ್ಟೇ ಅಂತರವಿದ್ದರೂ ಒತ್ತಡದಲ್ಲಿ ಶೇ. 40ರ ಅಂತರವಿದೆ.

ಮೂರು ಕಿಲೋವ್ಯಾಟ್ ಘಟಕವೊಂದಕ್ಕೆ ಇಂದು ಬಳಕೆಯಲ್ಲಿರುವ 540 ವ್ಯಾಟ್ ಆಸುಪಾಸಿನ ಆರು ಫಲಕಗಳು ಬೇಕು. ಒಂದರ ತೂಕ ಸುಮಾರು 28 ಕಿಲೋ, ಒಟ್ಟು 170 ಕಿಲೋ. ಆರೂ ಸೇರಿ ವಿಸ್ತೀರ್ಣ ಸುಮಾರು 15.5 ಚದರ ಮೀಟರ್. ಮೂಲ ವೇಗದ ಗಾಳಿ ಬೀಸಿದರೆ ಬೆಂಗಳೂರಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 66 ಕಿಲೋ, ಮಂಗಳೂರಿನಲ್ಲಿ 93 ಕಿಲೋ ತೂಕಕ್ಕೆ ಸಮನಾದ ಒತ್ತಡ ಹುಟ್ಟುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೂ ಇಡೀ ಘಟಕದ ಮೇಲೆ ಬೆಂಗಳೂರಿನಲ್ಲಿ ಒಂದು ಟನ್, ಮಂಗಳೂರಿನಲ್ಲಿ 1.4 ಟನ್ ಬಲ ಬೀಳುತ್ತದೆ. ಓರೆಯಾಗಿ ನಿಂತ ಫಲಕದ ಅಡಿಯಿಂದ ಗಾಳಿ ನುಗ್ಗಿದಾಗ ಈ ಬಲ ಎತ್ತುವ ಬಲವಾಗುತ್ತದೆ. 170 ಕಿಲೋ ತೂಕ ಅದರ ಮುಂದೆ ಏನೇನೂ ಅಲ್ಲ. ಫಲಕವನ್ನು ಹಿಡಿದಿಡುವುದು ಅದರ ಭಾರವಲ್ಲ, ಬುಡದ ಬೋಲ್ಟುಗಳು.

ಫಲಕದ ಓರೆ, ಕಟ್ಟಡದ ಎತ್ತರ, ಸುತ್ತಲಿನ ಬಯಲು, ತಾರಸಿಯ ಅಂಚಿನಿಂದ ಇರುವ ದೂರ ಇವುಗಳಿಗೆ ತಕ್ಕಂತೆ ಈ ಅಂಕಿ ಏರಿಳಿಯುತ್ತದೆ. ತಾರಸಿಯಲ್ಲಿ ಬಟ್ಟೆ ಒಣಗಿಸಲು, ಓಡಾಡಲು ಅನುಕೂಲವಾಗಲೆಂದು ಆಳೆತ್ತರಕ್ಕಿಂತ ಮೇಲೆ ಫಲಕ ಕೂರಿಸುವ ರೂಢಿ ಬೆಳೆಯುತ್ತಿದೆ. ಎತ್ತರಿಸಿದಷ್ಟೂ ಬುಡದ ಮೇಲಿನ ಎಳೆತ ಹೆಚ್ಚು. ತಾರಸಿಗೆ ರಂಧ್ರ ಕೊರೆದರೆ ಮಳೆನೀರು ಸೋರೀತೆಂಬ ಭಯದಿಂದ ಹಲವರು ಕೊರೆಯಲು ಬಿಡದೆ, ಕಾಂಕ್ರೀಟ್ ಗಟ್ಟಿಗಳ ಭಾರದಿಂದ ಚೌಕಟ್ಟನ್ನು ನಿಲ್ಲಿಸಲು ಹೇಳುತ್ತಾರೆ. ಅದು ತಪ್ಪು ಕ್ರಮವೇನಲ್ಲ. ಆದರೆ ನಲವತ್ತು ಕಿಲೋದ ಎಂಟು ಗಟ್ಟಿ ಇಟ್ಟರೆ ಆಗುವುದು 320 ಕಿಲೋ ಮಾತ್ರ. ಟನ್ ಲೆಕ್ಕದ ಗಾಳಿಗೆ ಅದು ಸಾಲದು. ಅಗತ್ಯವಿರುವಷ್ಟು ಗಟ್ಟಿಗಳನ್ನು ಪೇರಿಸಿದರೆ ಹಳೆಯ ತಾರಸಿ ಆ ಭಾರವನ್ನು ತಾಳೀತೇ ಎಂಬುದು ಮತ್ತೊಂದು ಪ್ರಶ್ನೆ. ಈ ಎರಡಕ್ಕೂ ಉತ್ತರ ಸಿಗಬೇಕಾದರೆ ಸಿವಿಲ್ ಎಂಜಿನಿಯರರೊಬ್ಬರು ತಾರಸಿ ಹತ್ತಲೇಬೇಕು.

ಹಂಚು, ಶೀಟು, ಉಪ್ಪುಗಾಳಿ

ಕರಾವಳಿಯ ಮನೆಗಳ ಸ್ವರೂಪ ಈ ಚಿತ್ರವನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಹಂಚಿನ ಮಾಡು ಕಟ್ಟಿದ್ದು ಹಂಚಿನ ಭಾರಕ್ಕೆ, ಫಲಕದ ಭಾರಕ್ಕಲ್ಲ. ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿರುವ ಮನೆಗಳೂ ಇವೆ. ಫಲಕದ ಕಾಲು ಹಂಚಿನ ಮೇಲೆ ಊರದೆ ಮರದ ಅಥವಾ ಕಬ್ಬಿಣದ ಪಕ್ಕಾಸಿಗೇ ಬಿಗಿಯಬೇಕು. ಅವಸರದ ಕೆಲಸದಲ್ಲಿ ಹಂಚು ಒಡೆದು ಸೋರಲು ತೊಡಗುವುದು ಮಳೆ ಬಂದ ಮೇಲಷ್ಟೇ ತಿಳಿಯುತ್ತದೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಪ್ರದೇಶದಲ್ಲಿ ಕಾಂಕ್ರೀಟ್ ತಾರಸಿಯ ಮೇಲೆ ಮತ್ತೊಂದು ಶೀಟಿನ ಮಾಡು ಹಾಕಿಸುವುದು ಸಾಮಾನ್ಯ. ಅಡಕೆ ಒಣಗಿಸಲೂ ಅದು ಬೇಕು. ಈಗ ಫಲಕಗಳು ಏರುತ್ತಿರುವುದು ಅದೇ ಶೀಟಿನ ಮೇಲೆ. ತೆಳು ಪೈಪುಗಳ ಆ ಮಾಡು ಸ್ವತಃ ಗಾಳಿಗೆ ಅಂಜುವಂಥದು. ಅದರ ಮೇಲೆ ಫಲಕ ಹೊರಿಸಿದರೆ ಹಾರುವುದು ಫಲಕವಷ್ಟೇ ಆಗಿರದೆ ಇಡೀ ಮಾಡೇ ಆಗಬಹುದು.

ಇನ್ನು ಉಪ್ಪುಗಾಳಿ. ಸಮುದ್ರ ತೀರದಲ್ಲಿ ಬಳಸುವ ಫಲಕಗಳಿಗೆಂದೇ ಐಇಸಿ 61701 ಎಂಬ ಪರೀಕ್ಷೆಯಿದೆ. ಚೌಕಟ್ಟಿನ ಕಬ್ಬಿಣಕ್ಕೆ ಐಎಸ್ 4759 ಪ್ರಕಾರ ಬಿಸಿ ಸತುವಿನಲ್ಲಿ ಅದ್ದಿದ ಲೇಪನವಿರಬೇಕು. ಅದ್ದಿ ತೆಗೆದ ಬಳಿಕ ತಾರಸಿಯಲ್ಲಿ ಕೊಯ್ದರೆ, ಬೆಸೆದರೆ, ರಂಧ್ರ ಕೊರೆದರೆ ಆ ಜಾಗದ ಲೇಪನ ಹೋಗುತ್ತದೆ. ತುಕ್ಕು ಪ್ರಾರಂಭವಾಗುವುದು ಅಲ್ಲಿಂದಲೇ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗುವ ಕಡೆ ಸವೆತ ಮತ್ತಷ್ಟು ಬೇಗ. ಯೋಜನೆಯಡಿ ಮಾರಾಟಗಾರರು ಐದು ವರ್ಷ ನಿರ್ವಹಣೆ ಮಾಡಬೇಕು. ಬೋಲ್ಟಿನೊಳಗೆ ತುಕ್ಕು ಆಳಕ್ಕಿಳಿಯುವುದು ಬಹುಪಾಲು ಆ ಅವಧಿ ಮುಗಿದ ನಂತರ.

ಆರಿಸಲಾಗದ ವಿದ್ಯುತ್

ಗಾಳಿಯ ಅಪಾಯ ಹೊರಗಿನದು, ಬೆಂಕಿಯ ಅಪಾಯ ಒಳಗಿನದು. ಮನೆಯ ಮುಖ್ಯ ಸ್ವಿಚ್ ಆರಿಸಿದರೆ ವಿದ್ಯುತ್ ಹರಿವು ನಿಲ್ಲುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಸೌರಫಲಕದ ಮಟ್ಟಿಗೆ ಇದು ಅರ್ಧಸತ್ಯ. ಬಿಸಿಲು ಇರುವವರೆಗೆ ಫಲಕ ವಿದ್ಯುತ್ ಹುಟ್ಟಿಸುತ್ತಲೇ ಇರುತ್ತದೆ. ಆರು ಫಲಕಗಳನ್ನು ಸಾಲಾಗಿ ಜೋಡಿಸಿದಾಗ ತಾರಸಿಯಿಂದ ಇನ್ವರ್ಟರಿನವರೆಗಿನ ತಂತಿಯಲ್ಲಿ ಸುಮಾರು 300 ವೋಲ್ಟ್ ಡಿಸಿ ಇರುತ್ತದೆ.

ಮನೆಗೆ ಬರುವ ಎಸಿ ವಿದ್ಯುತ್ ಸೆಕೆಂಡಿಗೆ ನೂರು ಬಾರಿ ಶೂನ್ಯಕ್ಕೆ ಇಳಿಯುತ್ತದೆ. ಆದ್ದರಿಂದ ಸಡಿಲ ಜೋಡಣೆಯಲ್ಲಿ ಎದ್ದ ಕಿಡಿ ತಾನಾಗಿ ಆರುವ ಸಂಭವವಿದೆ. ಡಿಸಿ ಎಂದೂ ಶೂನ್ಯಕ್ಕೆ ಇಳಿಯುವುದಿಲ್ಲ. ಕಿಡಿ ಹತ್ತಿದರೆ ಉರಿಯುತ್ತಲೇ ಇದ್ದು ತಂತಿಯ ಹೊದಿಕೆ, ಪೆಟ್ಟಿಗೆ, ಸುತ್ತಲಿನ ವಸ್ತುಗಳನ್ನು ಸುಡಬಲ್ಲದು. ಸರಿಯಾಗಿ ಒತ್ತಿ ಕೂರಿಸದ ಒಂದು ಕನೆಕ್ಟರ್, ಎರಡು ಬೇರೆ ಕಂಪೆನಿಗಳ ಕನೆಕ್ಟರುಗಳ ಬಲವಂತದ ಜೋಡಣೆ ಇಷ್ಟೇ ಅದಕ್ಕೆ ಸಾಕು.

ಬೆಂಕಿ ನಂದಿಸಲು ಬಂದವರಿಗೂ ಈ ತಂತಿ ಅಪಾಯಕಾರಿ. ಈ ಕಾರಣದಿಂದಲೇ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ 2014ರಲ್ಲಿ ಕಟ್ಟಡಗಳ ಮೇಲಿನ ಸೌರಘಟಕಗಳಿಗೆ ಕ್ಷಿಪ್ರ ಸ್ಥಗಿತ ವ್ಯವಸ್ಥೆಯನ್ನು ಸೇರಿಸಿತು. 2017ರ ಆವೃತ್ತಿಯಲ್ಲಿ ಅದನ್ನು ಬಿಗಿಗೊಳಿಸಿ, ಫಲಕಗಳ ಸಾಲಿನೊಳಗೂ 30 ಸೆಕೆಂಡಿನಲ್ಲಿ ವೋಲ್ಟೇಜ್ 80ಕ್ಕೆ ಇಳಿಯುವ ಕ್ರಮವನ್ನು ವಿಧಿಸಿತು.

ಭಾರತದ ನಿಯಮಗಳು ಲೈನ್‌ಮನ್‌ಗಳ ಸುರಕ್ಷತೆಯನ್ನು ಗಮನಿಸಿವೆ ಎಂಬುದನ್ನು ಇಲ್ಲಿ ಒಪ್ಪಲೇಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳ ಪ್ರಕಾರ ಜಾಲದಲ್ಲಿ ವಿದ್ಯುತ್ ಕಡಿತವಾದೊಡನೆ ಇನ್ವರ್ಟರ್ ತಾನಾಗಿ ಸಂಪರ್ಕ ಕಡಿದುಕೊಳ್ಳಬೇಕು. ಕಂಬ ಹತ್ತಿದ ನೌಕರನಿಗೆ ಯಾರದೋ ತಾರಸಿಯಿಂದ ಹರಿದ ವಿದ್ಯುತ್ ತಗಲದಿರಲು ಇದು ಅತ್ಯಗತ್ಯ. ಇದೇ ಕಾಳಜಿ ಮನೆಯ ಒಳಗಿರುವವರ, ಬೆಂಕಿ ನಂದಿಸುವವರ ವಿಷಯಕ್ಕೂ ವಿಸ್ತರಿಸಬೇಕಿದೆ.

ಭೀತಿ ಬೇಡ, ಉದಾಸೀನವೂ ಸಲ್ಲದು

ಅಪಾಯವನ್ನು ಉತ್ಪ್ರೇಕ್ಷಿಸುವುದೂ ಸರಿಯಲ್ಲ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2013ರಲ್ಲಿ ನೀಡಿದ ಮಾಹಿತಿಯಂತೆ, ಅಲ್ಲಿನ ಸುಮಾರು 13 ಲಕ್ಷ ಸೌರಘಟಕಗಳ ಪೈಕಿ ಇಪ್ಪತ್ತು ವರ್ಷಗಳಲ್ಲಿ ಬೆಂಕಿಗೆ ಸಿಲುಕಿದ್ದು 350ರಷ್ಟು. ಘಟಕವೇ ಕಾರಣವಾಗಿದ್ದು 120 ಪ್ರಕರಣಗಳಲ್ಲಿ, ಇಡೀ ಕಟ್ಟಡ ಸುಟ್ಟದ್ದು ಹತ್ತರಲ್ಲಿ. ಸೌರಫಲಕ ಅಪಾಯಕಾರಿ ವಸ್ತುವಲ್ಲ ಎನ್ನಲು ಇದು ಸಾಕು.

ಆದರೆ ಈ ಅಂಕಿಗಳು ತರಬೇತಿ ಪಡೆದ ಕೆಲಸಗಾರರೂ ಕಟ್ಟುನಿಟ್ಟಿನ ಮಾನದಂಡಗಳೂ ಇರುವ ದೇಶದವು. ಅಲ್ಲಿಯೂ ಪ್ರಮುಖ ಕಾರಣಗಳಲ್ಲೊಂದು ಅಳವಡಿಕೆಯ ದೋಷ. ಅಮೆರಿಕದಲ್ಲಿ 2019ರ ಆಗಸ್ಟ್‌ನಲ್ಲಿ ವಾಲ್‌ಮಾರ್ಟ್ ಕಂಪೆನಿ ತನ್ನ ಏಳು ಮಳಿಗೆಗಳ ಮಾಡಿನಲ್ಲಿ ಕಾಣಿಸಿಕೊಂಡ ಬೆಂಕಿಗೆ ಅಳವಡಿಕೆ ಮತ್ತು ನಿರ್ವಹಣೆಯಲ್ಲಿನ ಲೋಪ ಕಾರಣವೆಂದು ಆರೋಪಿಸಿ ಟೆಸ್ಲಾ ವಿರುದ್ಧ ಮೊಕದ್ದಮೆ ಹೂಡಿತ್ತು. ಅದೇ ನವೆಂಬರಿನಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು. ಕೆಲವೇ ವರ್ಷಗಳಲ್ಲಿ ಒಂದು ಕೋಟಿ ಮನೆ ಎಂಬ ಗುರಿ ಹೊತ್ತ ದೇಶದಲ್ಲಿ ಅವಸರವೇ ದೊಡ್ಡ ಅಪಾಯ.

ನಮ್ಮಲ್ಲಿ ಎಷ್ಟು ಫಲಕ ಹಾರಿದವು, ಎಷ್ಟು ಚೌಕಟ್ಟು ಬಾಗಿದವು ಎಂಬುದು ಕಡತಕ್ಕೇರುವುದೂ ಕಷ್ಟ. 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಮಾತನಾಡುವುದು ಜೀವಹಾನಿ ಅಥವಾ ಗಾಯ ಉಂಟುಮಾಡಿದ, ಉಂಟುಮಾಡಬಹುದಾಗಿದ್ದ ಅಪಘಾತಗಳ ಬಗ್ಗೆ. ರಾತ್ರಿಯ ಗಾಳಿಗೆ ಫಲಕ ಕಳಚಿ ಪಕ್ಕದ ತೋಟಕ್ಕೆ ಬಿದ್ದರೆ ಮನೆಯವರು ಮಾರಾಟಗಾರನಿಗೆ ಫೋನು ಮಾಡುತ್ತಾರೆ, ವಿದ್ಯುತ್ ಪರಿವೀಕ್ಷಕರಿಗಲ್ಲ.

ವಿಳಂಬವಿಲ್ಲದೆ ಸುರಕ್ಷತೆ

ಹೊಸ ಪರಿಶೀಲನೆಯೆಂದರೆ ಹೊಸ ಕಚೇರಿ, ಹೊಸ ಅಲೆದಾಟ, ಹೊಸ ಲಂಚ ಎಂಬ ಆಕ್ಷೇಪ ಸಕಾರಣವಾದದ್ದು. ಆದರೆ ಪ್ರತಿ ಮನೆಗೂ ಪ್ರತ್ಯೇಕ ವಿನ್ಯಾಸ ಬೇಕಿಲ್ಲ. ರಾಜ್ಯದ ಗಾಳಿವಲಯಗಳಿಗೆ ಅನುಗುಣವಾಗಿ, ಕಾಂಕ್ರೀಟ್ ತಾರಸಿ, ಹಂಚಿನ ಮಾಡು, ಶೀಟಿನ ಮಾಡು ಎಂಬ ಮೂರು ಬಗೆಗೆ ಮಾದರಿ ನಕ್ಷೆಗಳನ್ನು ಸರಕಾರವೇ ಸಿದ್ಧಪಡಿಸಬಹುದು. ಸರಕಾರಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಈ ಕೆಲಸ ಭಾರವಾಗದು. ಆ ನಕ್ಷೆಯಂತೆ ಚೌಕಟ್ಟು ನಿಂತಿದೆ, ತಾರಸಿ ಅದನ್ನು ತಾಳುತ್ತದೆ ಎಂದು ನೋಂದಾಯಿತ ಎಂಜಿನಿಯರರೊಬ್ಬರು ಒಂದು ಪುಟದ ಪ್ರಮಾಣಪತ್ರ ನೀಡಿದರೆ ಸಾಕು. ಆ ಪುಟ ಇಲ್ಲದೆ ಮೀಟರ್ ಜೋಡಿಸಲಾಗದು ಎಂದು ವಿತರಣಾ ಕಂಪೆನಿಗಳು ಹೇಳಬಹುದು.

ಇದು ರಾಜ್ಯಕ್ಕೆ ಅಪರಿಚಿತವಾದ ದಾರಿಯಲ್ಲ. 2007ರಲ್ಲಿ ಕೆಲವು ಬಗೆಯ ಕಟ್ಟಡಗಳಿಗೆ ಸೌರ ನೀರುಕಾಯಿಸುವ ಯಂತ್ರವನ್ನು ಕಡ್ಡಾಯಗೊಳಿಸಿದಾಗ ಅದನ್ನು ವಿದ್ಯುತ್ ಸಂಪರ್ಕದೊಂದಿಗೆ ಬೆಸೆಯಲಾಯಿತು. ಬೆಂಗಳೂರಿನ ತಾರಸಿಗಳಲ್ಲಿ ಇಂದು ಕಾಣುವ ನೀರಿನ ಟ್ಯಾಂಕುಗಳ ಸಾಲಿನ ಹಿಂದೆ ಆ ಆದೇಶವೂ ಇದೆ. ಮೀಟರ್ ಯಾರ ಕೈಯಲ್ಲಿದೆಯೋ ಅವರ ಮಾತು ನಡೆಯುತ್ತದೆ.

ಕಾಲವೂ ಅನುಕೂಲವಾಗಿದೆ. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಪಡೆಯುವ ಕುಟುಂಬಗಳಿಗೆ ತಾರಸಿ ಸೌರಘಟಕದ ತುರ್ತು ಕಡಿಮೆ. ಹೆಚ್ಚಿನ ಮನೆಗಳ ತಾರಸಿ ಇನ್ನೂ ಖಾಲಿಯಿದೆ. ಫಲಕಗಳು ಏರಿದ ಮೇಲೆ ಲಕ್ಷಾಂತರ ಮನೆಗಳಿಗೆ ಹೋಗಿ ಬೋಲ್ಟು ಪರೀಕ್ಷಿಸುವುದಕ್ಕಿಂತ ಏರುವ ಮುನ್ನ ನಿಯಮ ರೂಪಿಸುವುದು ಸುಲಭ, ಅಗ್ಗ.

ಅಲ್ಲಿಯವರೆಗೆ ಮನೆಯವರು ತಾವೇ ಎಚ್ಚರ ವಹಿಸಬೇಕಾಗಿದೆ. 'ಗಂಟೆಗೆ 150 ಕಿ.ಮೀ. ಗಾಳಿ ತಡೆಯುತ್ತದೆ' ಎಂಬ ಒಂದು ಸಾಲಿನ ಭರವಸೆಗೆ ತೃಪ್ತರಾಗದೆ, ತಮ್ಮ ಊರಿನ ಗಾಳಿವೇಗಕ್ಕೆ ಮಾಡಿದ ಲೆಕ್ಕವನ್ನು ಸಹಿಯೊಂದಿಗೆ ಕೇಳಬೇಕು. ಚೌಕಟ್ಟಿಗೆ ಬಿಸಿ ಸತುವಿನ ಲೇಪನ, ಬೋಲ್ಟುಗಳಿಗೆ ತುಕ್ಕು ಹಿಡಿಯದ ಉಕ್ಕು ಬೇಕೆಂದು ಕರಾರಿನಲ್ಲೇ ಬರೆಸಬೇಕು. ಡಿಸಿ, ಎಸಿ ಮತ್ತು ಸಿಡಿಲುನಿರೋಧಕಕ್ಕೆ ಪ್ರತ್ಯೇಕ ಭೂಸಂಪರ್ಕವಿದೆಯೇ ಎಂದು ನೋಡಬೇಕು. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಭೂಸಂಪರ್ಕ ದುರ್ಬಲವಾಗುವುದರಿಂದ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮುನ್ನ ಅದನ್ನು ಅಳತೆ ಮಾಡಿಸುವುದು ಒಳಿತು. ಮಳೆಗಾಲ ಕಾಲಿಡುವ ಮೊದಲು ಹಂಚು ಕೈಯಾಡಿಸುವ ಪದ್ಧತಿ ಕರಾವಳಿಗೆ ಹೊಸದಲ್ಲ. ಆ ದಿನ ಫಲಕದ ಬೋಲ್ಟುಗಳನ್ನೂ ಒಮ್ಮೆ ಬಿಗಿಗೊಳಿಸಬೇಕು.

ಸೂರ್ಯನ ಬೆಳಕು ಪುಕ್ಕಟೆಯಾಗಿ ಬರುತ್ತದೆ. ಅದನ್ನು ಹಿಡಿದಿಡುವ ಚೌಕಟ್ಟಿಗೆ ಖರ್ಚಿದೆ, ಅದನ್ನು ಪರಿಶೀಲಿಸುವವನಿಗೆ ಸಂಬಳವಿದೆ. 78 ಸಾವಿರ ರೂಪಾಯಿ ಸಹಾಯಧನ ಕೊಡಲು ಸಿದ್ಧವಿರುವ ಸರಕಾರ ಒಬ್ಬ ಎಂಜಿನಿಯರ್ ತಾರಸಿ ಹತ್ತಿ ಇಳಿಯುವ ಶುಲ್ಕವನ್ನೂ ಅದರಲ್ಲಿ ಸೇರಿಸಿದರೆ ಬೊಕ್ಕಸಕ್ಕೆ ದೊಡ್ಡ ಹೊರೆಯಾಗಲಾರದು. ಮೊದಲ ಸಾವು ಸಂಭವಿಸಿದ ಬಳಿಕ ಸಮಿತಿ ರಚಿಸುವ ಪರಿಪಾಠಕ್ಕಿಂತ ಅದು ಎಷ್ಟೋ ಮೇಲು.